ಕೆಸರಿನ ಜೀರ್ಣನ ಮತ್ತು ದುರ್ಗಂಧದ ಗಣಿತ

ಚರಂಡಿಯ ಕೆಸರನ್ನು ಗಾಳಿಯಾಡದ ತೊಟ್ಟಿಯಲ್ಲಿ ಜೀರ್ಣಗೊಳಿಸುವ ಕ್ರಿಯೆಯನ್ನು ಗಣಿತಕ್ಕೆ ಅಳವಡಿಸಿದ ಪ್ರಯತ್ನಗಳಲ್ಲಿ, ಅಂತರರಾಷ್ಟ್ರೀಯ ಜಲಸಂಘದ ಕಾರ್ಯಮಂಡಲಿಯು 2002ರಲ್ಲಿ ಪ್ರಕಟಿಸಿದ 'ಎ.ಡಿ.ಎಂ. 1' ಎಂಬ ಮಾದರಿಯು ಅಗ್ರಗಣ್ಯವಾದುದು. 19 ಜೀವರಾಸಾಯನಿಕ ಕ್ರಿಯೆಗಳನ್ನು ಒಂದೇ ಚೌಕಟ್ಟಿನಲ್ಲಿ ಹಿಡಿದಿಟ್ಟು ಮಿಥೇನಿನ ಉತ್ಪತ್ತಿಯನ್ನು ಮುಂದಾಗಿಯೇ ಹೇಳಬಲ್ಲ ಅದರ ಶಕ್ತಿಯನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಅದಕ್ಕೆ ನಾಲ್ಕಾರು ಸಮೀಕರಣಗಳನ್ನು ಹೊಲಿದುಬಿಟ್ಟರೆ ದುರ್ಗಂಧದ ಲೆಕ್ಕವೂ ದೊರೆಯುವುದೆಂಬ ಭರವಸೆಯನ್ನು ಮಾತ್ರ ಒಪ್ಪಲಾರೆವು.

ಮೂಲ ಮಾದರಿಯಲ್ಲಿ ಗಂಧಕಕ್ಕೆ ಸ್ಥಾನವಿರಲಿಲ್ಲ. 2003ರಲ್ಲಿ ಫೆಡೊರೊವಿಚ್ ಮತ್ತು ಸಂಗಡಿಗರು ಸಲ್ಫೇಟಿನ ಅಪಕರ್ಷಣವನ್ನು ಅದಕ್ಕೆ ಸೇರಿಸಿದರು. ತೊಟ್ಟಿಯ ಅನಿಲದಲ್ಲಿರುವ ಜಲಜನಕದ ಸಲ್ಫೈಡನ್ನು ಅಂದಾಜು ಮಾಡಲು ಇದು ಉಪಯುಕ್ತವೇ ಸರಿ. ಆದರೆ ಕೆಸರಿನ ನಾತಕ್ಕೆ ಅದೊಂದೇ ಕಾರಣವೆ? ಕೆಸರಿನ ಸಸಾರಜನಕಗಳಲ್ಲಿ ಸಿಸ್ಟೀನ್, ಮೆಥಿಯೊನೀನ್ ಎಂಬ ಗಂಧಕಯುಕ್ತ ಅಮೈನೋ ಆಮ್ಲಗಳಿವೆ. ಮೊದಲನೆಯದು ಕೊಳೆತಾಗ ಸಲ್ಫೈಡೂ ಎರಡನೆಯದರಿಂದ ಮಿಥೈಲ್ ಮರ್ಕ್ಯಾಪ್ಟನ್ನೂ ಹುಟ್ಟುತ್ತವೆ; ಮರ್ಕ್ಯಾಪ್ಟನ್ನು ಮತ್ತೊಂದು ಮಿಥೈಲನ್ನು ಪಡೆದು ಡೈಮಿಥೈಲ್ ಸಲ್ಫೈಡಾಗುತ್ತದೆ. ಇವೆರಡನ್ನೂ ಮರಳಿ ಒಡೆಯುವವು ಮಿಥೇನ್ ಜನಕ ಸೂಕ್ಷ್ಮಜೀವಿಗಳೇ. ಅನಿಲವನ್ನು ಕೊಡುವವೇ ನಾತವನ್ನೂ ನುಂಗುತ್ತವೆ ಎಂಬುದು ಇಲ್ಲಿಯ ಸ್ವಾರಸ್ಯ.

ಹಿಗ್ಗಿನ್ಸ್ ಮತ್ತು ಸಹೋದ್ಯೋಗಿಗಳು 2006ರಲ್ಲಿ ಈ ಚಕ್ರವನ್ನು ವಿಶದಪಡಿಸಿದರು. ನೀರನ್ನು ಬೇರ್ಪಡಿಸಲು ಕೆಸರನ್ನು ವೇಗವಾಗಿ ತಿರುಗುವ ಯಂತ್ರಕ್ಕೆ ಹಾಕಿದಾಗ ಅದರ ಕಣಗಳು ಹರಿದು ಸಸಾರಜನಕವು ಬಿಡುಗಡೆಯಾಗುತ್ತದೆ. ಅದೇ ಪೆಟ್ಟಿಗೆ ಮಿಥೇನ್ ಜನಕಗಳು ಕುಗ್ಗುತ್ತವೆ. ಆದುದರಿಂದ ಹಿಂಡಿದ ಕೆಸರಿನ ನಾತವು ಕೆಲವು ದಿನ ಏರಿ, ಆ ಜೀವಿಗಳು ಚೇತರಿಸಿಕೊಂಡಂತೆಲ್ಲ ಇಳಿಯುತ್ತದೆ. ನಮ್ಮ ಮಾದರಿಯಾದರೋ ತೊಟ್ಟಿಯ ಮುಚ್ಚಳದೊಳಗೇ ಮುಗಿದುಹೋಗಿರುತ್ತದೆ!

ಅಳತೆಯ ತೊಡಕು ಇನ್ನೂ ದೊಡ್ಡದು. ಸಮೀಕರಣಗಳು ಘನಮೀಟರಿಗೆ ಇಷ್ಟು ಕಿಲೋಗ್ರಾಂ ಎಂದು ಎಣಿಸುತ್ತವೆ. ಮೂಗಾದರೋ ಮರ್ಕ್ಯಾಪ್ಟನ್ನನ್ನು ಶತಕೋಟಿಗೆ ಕೆಲವೇ ಭಾಗಗಳಿದ್ದರೂ ಪತ್ತೆಹಚ್ಚುತ್ತದೆ. ಮಿಥೇನಿನ ಲೆಕ್ಕದಲ್ಲಿ ನಾವು ಕ್ಷಮಿಸುವ ತಪ್ಪಿನೊಳಗೆ ಇಡೀ ಊರಿನ ದೂರು ಅಡಗಿಬಿಡಬಹುದು. ಇದು ಬರಿಯ ಪಾಂಡಿತ್ಯದ ಜಗಳವಲ್ಲ. ಸಲ್ಫೈಡೊಂದನ್ನೇ ನಂಬಿದ ಎಂಜಿನಿಯರನು ಕಬ್ಬಿಣದ ಲವಣವನ್ನು ಸುರಿಸುತ್ತಾನೆ. ಸಲ್ಫೈಡು ಕಬ್ಬಿಣದೊಡನೆ ಸೇರಿ ತಳಕ್ಕಿಳಿಯುತ್ತದೆ, ಲೆಕ್ಕವೂ ಸರಿಹೋಗುತ್ತದೆ. ಹಣ ಖರ್ಚಾದ ಮೇಲೂ ನೆರೆಮನೆಯವರು ಕಿಟಕಿಯನ್ನು ತೆರೆಯಲಾಗದಿದ್ದರೆ ಆ ಲೆಕ್ಕವನ್ನು ಸರಿಯೆನ್ನುವುದು ಹೇಗೆ?

ಹಿಂಡಿದ ಕೆಸರನ್ನು ಮುಚ್ಚಿದ ಸೀಸೆಗಳಲ್ಲಿಟ್ಟು, ಮೇಲಣ ಅನಿಲವನ್ನು ಎರಡು ಮೂರು ವಾರ ದಿನವೂ ಅಳೆದು, ಆ ಏರಿಳಿತದ ರೇಖೆಯನ್ನು ಮುಟ್ಟಬಲ್ಲ ಮಾದರಿಯನ್ನು ಮಾತ್ರ ನಾವು ದುರ್ಗಂಧದ ಮಾದರಿಯೆಂದು ಕರೆಯುವೆವು.