ಭೂತಾಳಪಾಂಡ್ಯನಿಗೆ ಪಟ್ಟ ಕಟ್ಟಿದವರಾರು?

ಗಂಗೊಳ್ಳಿಯಿಂದ ಬಾರಕೂರಿನವರೆಗೆ ಅಳಿಯಕಟ್ಟಿನ ಮಾತು ಬಂತೆಂದರೆ ಭೂತಾಳಪಾಂಡ್ಯನ ಹೆಸರು ಬಂದೇ ಬರುತ್ತದೆ. ಕ್ರಿ.ಶ. 77ರಲ್ಲಿ ಬಾರಕೂರಿನ ಪಟ್ಟವೇರಿದ ಅರಸ, ಆಸ್ತಿ ಮಕ್ಕಳಿಗಲ್ಲ, ಅಕ್ಕತಂಗಿಯರ ಮಕ್ಕಳಿಗೆ ಎಂದು ಕಟ್ಟು ಮಾಡಿದನಂತೆ. ನನ್ನ ಮಟ್ಟಿಗೆ ಈ ಲೆಕ್ಕ ತಲೆಕೆಳಗು. ಕಟ್ಟು ಮೊದಲೇ ಇತ್ತು. ಅದಕ್ಕೊಬ್ಬ ಅರಸ ಆಮೇಲೆ ಬೇಕಾದ.

ಆ 77ನ್ನೇ ನೋಡಿ. ಶಾಲಿವಾಹನ ಶಕೆ ಶುರುವಾಗುವುದು 78ರಲ್ಲಿ. ಅನುಮಾನ ಬರುವಷ್ಟು ಹತ್ತಿರ! ತುಳುನಾಡನ್ನಾಳಿದ ಆಳುಪರ ಅರಸ ಕುಂದವರ್ಮನಿಗಾದರೆ 968ರ ಕದ್ರಿಯ ಲೋಕೇಶ್ವರ ವಿಗ್ರಹದ ಶಾಸನವಿದೆ. ಹೆಚ್ಚುಕಡಿಮೆ ಅದೇ ಹೊತ್ತಿಗೆ ಡೆನ್ಮಾರ್ಕಿನ ಅರಸ ಹರಾಲ್ಡ್ ಯೆಲ್ಲಿಂಗ್‌ನಲ್ಲಿ ನಿಲ್ಲಿಸಿದ ಕಲ್ಲೂ ಉಳಿದಿದೆ. ಡೇನರ ಮೂಲಪುರುಷನೆನ್ನುವ ಡಾನ್ ಮಾತ್ರ 1200ರ ಆಸುಪಾಸಿನ ಚರಿತ್ರಕಾರ ಸ್ಯಾಕ್ಸೊನಂಥವರ ಪುಸ್ತಕದಲ್ಲಷ್ಟೇ ಸಿಗುತ್ತಾನೆ. ಅರಸ ಹಳಬನಾದಷ್ಟೂ ತಡವಾಗಿ ಹುಟ್ಟುತ್ತಾನೆ.

ಭೂತಾಳಪಾಂಡ್ಯನ ಹೆಸರನ್ನೇ ಕೇಳದ ಮಲಬಾರಿನಲ್ಲೂ ಅಳಿಯಕಟ್ಟಿನಂಥದೇ ಮರುಮಕ್ಕತ್ತಾಯವಿತ್ತಲ್ಲ? ಅಲ್ಲಿ ಪರಶುರಾಮನ ಹೆಸರು ಹೇಳುತ್ತಾರೆ.

ಹಾಗೆಂದು ಕಥೆಯನ್ನು ಕಟ್ಟುಕಥೆಯೆಂದು ಎಸೆಯುವ ಪಂಡಿತರ ಜೊತೆಗೂ ನಾನಿಲ್ಲ. ಕಥೆಯಲ್ಲಿ ದೇವಪಾಂಡ್ಯ ಹಡಗಿನ ವ್ಯಾಪಾರಿ. ಅವನ ಹೊಸ ಹಡಗುಗಳಿಗೆ ಕುಂಡೋದರ ಭೂತ ನರಬಲಿ ಕೇಳುತ್ತದೆ. ಹೆಂಡತಿ ಮಕ್ಕಳನ್ನು ಕೊಡಲೊಲ್ಲಳು. ತಂಗಿ ಸತ್ಯವತಿ ಮಗ ಜಯಪಾಂಡ್ಯನನ್ನು ತಂದು ನಿಲ್ಲಿಸುತ್ತಾಳೆ. ಭೂತ ಮೆಚ್ಚಿ ಹುಡುಗನನ್ನು ಉಳಿಸಿ, ಭೂತಾಳಪಾಂಡ್ಯನೆಂದು ಪಟ್ಟಕ್ಕೆ ಏರಿಸುತ್ತದೆ. ಬಸ್ರೂರಿನ ಸರಕು ಗಂಗೊಳ್ಳಿಯ ಅಳಿವೆ ದಾಟಿ ಕಡಲಿಗಿಳಿಯುತ್ತಿದ್ದ ಸೀಮೆ ಇದು. ಕಡಲಿಗೆ ಹೋದವನು ಮರಳುವ ಖಾತ್ರಿಯಿಲ್ಲ. ಮನೆ, ಗದ್ದೆ ತಾಯಿಯ ಬಳಿಯಲ್ಲಿ ನಿಂತರೆ ಕುಟುಂಬ ಉಳಿಯುತ್ತದೆ. ಹಡಗು ಮತ್ತು ದೈವ ಎರಡರ ಭಯವನ್ನೂ ಕಂಡವರು ಮಾಡಿದ ಕಥೆಯೆಂದೇ ನನಗೆ ಕಾಣುತ್ತದೆ.

ನನ್ನ ತಕರಾರು ಬೇರೆ ಕಡೆ. ಮಗನನ್ನು ಬಲಿಗೆ ಕೊಡದ ತಾಯಿಯ ತಪ್ಪೇನು? ಕಥೆ ಅವಳನ್ನು ಸ್ವಾರ್ಥಿ ಮಾಡಿ, ಮಗನನ್ನೇ ಒಪ್ಪಿಸಿದವಳನ್ನು ಹೊಗಳುತ್ತದೆ. ತಾಯಿಯಿಂದ ಮಗಳಿಗೆ ಹರಿದುಬಂದ ಹಕ್ಕು ಇಲ್ಲಿ ತ್ಯಾಗಕ್ಕೆ ಸಿಕ್ಕ ಬಹುಮಾನವಾಗುತ್ತದೆ, ಅದೂ ಗಂಡಸಿನ ಕೈಯಿಂದ. ಭೂತಾಳಪಾಂಡ್ಯನನ್ನು ಶಾಸನಕರ್ತನೆಂದು ಮೆರೆಸುವವರು ಇದನ್ನು ಗಮನಿಸಿದ್ದು ಕಡಿಮೆ. ಬ್ರಿಟಿಷರ ಕಾಲದ ನ್ಯಾಯಾಲಯಗಳಿಗೂ ರೂಢಿಗಿಂತ ಬರಹ ಹಿತವಾಗಿತ್ತು. ಭೂತಾಳಪಾಂಡ್ಯನ ಹೆಸರಿನ ಕಟ್ಟುಕಟ್ಟಳೆಯೆಂಬ ಬರಹ ಅಲ್ಲಿಗೂ ಹೋಯಿತು.

1949ರ ಮದರಾಸು ಅಳಿಯಸಂತಾನ ಕಾಯಿದೆ ಬಂದು ಕುಟುಂಬದ ಆಸ್ತಿ ಪಾಲಾಗತೊಡಗಿದಾಗ ಅರಸನ ಪ್ರಸ್ತಾಪವೇ ಬೇಕಾಗಲಿಲ್ಲ. ಕೇಳಬೇಕಾದದ್ದು, ಇದು ಯಾವ ಹೆಂಗಸಿನ ಕವರು, ಅಂದರೆ ಕುಟುಂಬದ ಕವಲು, ಎಂದು.