ಗಳದ ತುದಿಯ ಹುಡುಗ

"ಕಂಬಾಲಪಲ್ಲಿ ಮೇಲೆ ಬರೀಬೇಕಾದೋನು ನೀನು, ಬ್ಯಾಟ್‌ಮ್ಯಾನ್ ಮೇಲೆ ಬರೀತೀನಿ ಅಂತೀಯಲ್ಲೊ" ಎಂದು ಗೆಳೆಯರೊಬ್ಬರು ರೇಗಿದರು. ಅವರ ಸಿಟ್ಟು ನ್ಯಾಯವಾದದ್ದೇ. ಆದರೆ ನಾನು ಮಾತಾಡಬೇಕಿರುವುದು ಬ್ಯಾಟ್‌ಮ್ಯಾನ್ ಬಗ್ಗೆ ಅಲ್ಲ, ಅವನ ಬೆನ್ನ ಹಿಂದೆ ಜಿಗಿಯುವ ಹುಡುಗ ರಾಬಿನ್ ಬಗ್ಗೆ. ಆ ಹುಡುಗನ ಮೂಲ ಕೆದಕುತ್ತಾ ಹೋದರೆ ಅವನು ನನಗೆ ಗೊತ್ತಿರುವವನೇ. ಅವನು ಡೊಂಬರ ಹುಡುಗ.

ಕಡೂರು ತಾಲ್ಲೂಕಿನ ನಮ್ಮ ಸಿಂಗಟಗೆರೆಗೆ ಸುಗ್ಗಿ ಮುಗಿದ ಮೇಲೆ ಡೊಂಬರು ಬರುತ್ತಿದ್ದರು. ಡೋಲಿನ ಸದ್ದು ಕೇಳಿದ ಕೂಡಲೆ ಕೇರಿಯಿಂದ ಓಡುತ್ತಿದ್ದೆವು. ಏಳೆಂಟು ವರ್ಷದ ಹುಡುಗನೊಬ್ಬ ಬಿದಿರು ಗಳ ಹತ್ತಿ, ತುದಿಗೆ ಹೊಟ್ಟೆ ಊರಿ, ಕೈಕಾಲು ಚಾಚಿ ಗಿರಗಿರನೆ ತಿರುಗುವನು. ಊರಿಗೆ ಊರೇ ಬಾಯಿ ಬಿಟ್ಟು ಮೇಲೆ ನೋಡುವುದು. ಅವನು ಕೆಳಗಿಳಿದು ತಟ್ಟೆ ಹಿಡಿದು ಬಂದಾಗ ಮಾತ್ರ ಕಾಸು ಒಂದು ಗೇಣು ಮೇಲಿನಿಂದಲೇ ಬೀಳುತ್ತಿತ್ತು. ಗಳದ ಮೇಲಿದ್ದಾಗ ಅವನಿಗೆ ಜಾತಿ ಇರಲಿಲ್ಲ, ಇಳಿದ ಮೇಲೆ ಬಂತು.

ರಾಬಿನ್ ಹುಟ್ಟಿದ್ದು 1940ರಲ್ಲಿ, ಅಮೆರಿಕದ ಕಾಮಿಕ್ಸ್ ಪುಸ್ತಕದಲ್ಲಿ. ಅವನ ಹೆಸರು ಡಿಕ್ ಗ್ರೇಸನ್. ಅಪ್ಪ ಅಮ್ಮ ಸರ್ಕಸ್ಸಿನಲ್ಲಿ ತೂಗುಹಗ್ಗದ ಆಟದವರು. ಸರ್ಕಸ್ ಮಾಲೀಕ ಮಾಮೂಲಿ ಕೊಡಲಿಲ್ಲ ಅಂತ ಪುಂಡರು ಹಗ್ಗಕ್ಕೆ ಆಸಿಡ್ ಹಾಕುತ್ತಾರೆ. ಅಪ್ಪ ಅಮ್ಮ ಮಗನ ಕಣ್ಣೆದುರೇ ಬಿದ್ದು ಸಾಯುತ್ತಾರೆ. ಕೋಟ್ಯಧಿಪತಿ ಬ್ರೂಸ್ ವೇನ್ ಆ ಹುಡುಗನನ್ನು ಮನೆಗೆ ಕರೆದುಕೊಂಡು ಹೋಗುತ್ತಾನೆ. ಸಾಹುಕಾರನ ಮನೆ ಸೇರಿದ ಮೇಲೂ ಹುಡುಗನ ಹತ್ತಿರ ಇರುವ ಬಂಡವಾಳ ಲಾಗ ಹಾಕುವುದೊಂದೇ. ಯಜಮಾನನಿಗೆ ಬೇಕಾದದ್ದೂ ಅದೇ. ನಮ್ಮ ಓರಗೆಯವರು ಕನ್ನಡದ ಇಂದ್ರಜಾಲ ಕಾಮಿಕ್ಸ್‌ನಲ್ಲಿ ಮ್ಯಾಂಡ್ರೇಕ್‌ನ ಲೋಥಾರ್, ಫ್ಯಾಂಟಮ್‌ನ ಗುರಾನ್ ಇವರನ್ನು ಓದಿ ಬೆಳೆದವರು. ಅವರು ಕಪ್ಪು ಮೈಯವರಾದ್ದರಿಂದ ಮುಂದೆ ಬುದ್ಧಿ ಬಂದಾಗ ಅವರ ಊಳಿಗವನ್ನು ಗುರುತಿಸಿ ಸಿಟ್ಟಾದೆವು. ರಾಬಿನ್ ಬಿಳಿಯ, ನಮ್ಮ ಕಣ್ಣು ತಪ್ಪಿಸಿಕೊಂಡ.

ಸಿನಿಮಾದ ಕಣ್ಣನ್ನು ತಪ್ಪಿಸಿಕೊಳ್ಳುವುದು ಅಷ್ಟು ಸಲೀಸಲ್ಲ. ಕಾಗದದ ಮೇಲೆ ಹುಡುಗ ಬರೀ ಗೆರೆ. ಅವನಿಗೆ ಭಾರವಿಲ್ಲ, ಬೆವರಿಲ್ಲ, ಬಿದ್ದರೆ ಮೂಳೆ ಮುರಿಯುವುದಿಲ್ಲ. ಕ್ಯಾಮೆರಾ ಮುಂದೆ ಮಾತ್ರ ನಿಜವಾದ ಒಂದು ಮೈಯನ್ನು ತಂದು ನಿಲ್ಲಿಸಲೇಬೇಕು. ಆಗ ಕೇಳದೆ ವಿಧಿಯಿಲ್ಲ: ಈ ಮಗು ಯಾರದು? ಇದನ್ನು ಗುಂಡಿನ ಎದುರಿಗೆ ಕಳಿಸುವ ಹಕ್ಕು ಇವನಿಗೆ ಕೊಟ್ಟವರಾರು? ಹಾಲಿವುಡ್ ಎಂಬತ್ತು ವರ್ಷದಿಂದ ಈ ಪ್ರಶ್ನೆಗೆ ಬೆನ್ನು ತಿರುಗಿಸಿಕೊಂಡೇ ಬಂದಿದೆ. 1943ರ ಧಾರಾವಾಹಿ ಚಿತ್ರದಲ್ಲಿ ರಾಬಿನ್ ಆದ ಡಗ್ಲಾಸ್ ಕ್ರಾಫ್ಟ್ ಹದಿಹರೆಯದವನು. ಅಲ್ಲಿಗೆ ಹುಡುಗುತನ ಮುಗಿಯಿತು. 1966ರ ಬರ್ಟ್ ವಾರ್ಡ್ ಇಪ್ಪತ್ತು ದಾಟಿದವನು. 1995ರ 'ಬ್ಯಾಟ್‌ಮ್ಯಾನ್ ಫಾರೆವರ್'ನ ಕ್ರಿಸ್ ಓಡಾನಲ್ ಕಿವಿಗೆ ಓಲೆ ಹಾಕಿಕೊಂಡ ದಾಂಡಿಗ. ಅನಾಥ ಹುಡುಗ ಎಂದು ಅವನನ್ನು ಮನೆಗೆ ಬಿಟ್ಟು ಹೋಗುವ ದೃಶ್ಯ ನೋಡಿದರೆ ನಗು ಬರುತ್ತದೆ. 2012ರಲ್ಲಿ ಕ್ರಿಸ್ಟೋಫರ್ ನೋಲನ್ ಇನ್ನೂ ಜಾಣತನ ಮಾಡಿದರು. ಬೆಳೆದ ಪೊಲೀಸಿನವನೊಬ್ಬನಿಗೆ ಚಿತ್ರದ ಕೊನೆಯಲ್ಲಿ ರಾಬಿನ್ ಎಂಬ ಹೆಸರನ್ನಷ್ಟೇ ಕೊಟ್ಟು ಕೈ ತೊಳೆದುಕೊಂಡರು.

ಕಾಮಿಕ್ಸ್‌ನ ಎರಡನೆಯ ರಾಬಿನ್ ಕತೆ ಇದಕ್ಕಿಂತ ಕ್ರೂರ. ಅವನು ಜೇಸನ್ ಟಾಡ್. 1987ರಲ್ಲಿ ಅವನ ಕತೆಯನ್ನು ತಿದ್ದಿ ಬರೆದರು: ಬೀದಿಪಾಲಾದ ಹುಡುಗ, ಬ್ಯಾಟ್‌ಮ್ಯಾನ್‌ನ ಕಾರಿನ ಚಕ್ರವನ್ನೇ ಬಿಚ್ಚುವಾಗ ಸಿಕ್ಕಿಬಿದ್ದವನು. ಒರಟ, ಎದುರು ಮಾತಾಡುವವನು, ಹೇಳಿದಂತೆ ಕೇಳದವನು. 1988ರಲ್ಲಿ ಪ್ರಕಾಶಕರು ಅವನು ಬದುಕಬೇಕೋ ಸಾಯಬೇಕೋ ಎಂದು ಫೋನ್ ಮತ ಕೇಳಿದರು. ಒಂದು ಕರೆಗೆ 50 ಸೆಂಟು. ಸಾಯಲಿ ಎಂದವರು 5343, ಬದುಕಲಿ ಎಂದವರು 5271. ಎಪ್ಪತ್ತೆರಡು ಮತದ ಅಂತರದಲ್ಲಿ ಹುಡುಗ ಸತ್ತ. ವಿನಯವಂತ ಡಿಕ್ ಬಗ್ಗೆ ಯಾರೂ ಮತ ಕೇಳಲಿಲ್ಲ. ಅನ್ನ ಹಾಕಿದವರಿಗೆ ತಲೆ ಬಾಗದ ಹುಡುಗನನ್ನೇ ಪಂಚಾಯ್ತಿಗೆ ಎಳೆದರು. ಈ ಬಗೆಯ ಪಂಚಾಯ್ತಿ ನಮಗೆ ಹೊಸದೇ? 2016ರ 'ಬ್ಯಾಟ್‌ಮ್ಯಾನ್ ವರ್ಸಸ್ ಸೂಪರ್‌ಮ್ಯಾನ್' ಸಿನಿಮಾದಲ್ಲಿ ರಾಬಿನ್ ಬರುತ್ತಾನೆ, ಬರುತ್ತಾನೆ ಎನ್ನಬಹುದಾದರೆ. ಗಾಜಿನ ಹಿಂದೆ ಅವನ ಅಂಗಿ ತೂಗಿದೆ. ಒಳಗೆ ಮೈ ಇಲ್ಲ. ಈ ಎಲ್ಲ ಚಿತ್ರಗಳಲ್ಲಿ ನನಗೆ ಪ್ರಾಮಾಣಿಕವಾಗಿ ಕಂಡ ಚೌಕಟ್ಟು ಅದೊಂದೇ.

ನಮ್ಮ ಕಡೆ ನೋಡೋಣ. ಕನ್ನಡಕ್ಕೆ ಡಾ. ರಾಜ್ ಅವರ ಸಿಐಡಿ 999 ಇದ್ದಾನೆ, 1979ರಲ್ಲಿ ಗೀತಪ್ರಿಯ ಮಾಡಿದ 'ಪುಟಾಣಿ ಏಜೆಂಟ್ 123' ಇದೆ. ಆ ಮಕ್ಕಳು ಯಾರಿಗೂ ಬಾಲವಲ್ಲ, ತಾವೇ ಏಜೆಂಟರು, ನೋಡಲು ಖುಷಿ. ಮಹಾಶೂರನೊಬ್ಬನ ಜೊತೆ ನಿಜವಾಗಿಯೂ ಪುಟ್ಟ ಹುಡುಗನನ್ನು ನಿಲ್ಲಿಸಿ ಗೆದ್ದ ಚಿತ್ರ ಬೇಕೆಂದರೆ ನೆರೆಯ ಮಲಯಾಳಕ್ಕೆ ಹೋಗಬೇಕು, ಬೇಸಿಲ್ ಜೋಸೆಫ್‌ರ 'ಮಿನ್ನಲ್ ಮುರಳಿ' (2021). ಅಲ್ಲಿ ನಾಯಕನಿಗೆ ಅಕ್ಕನ ಮಗ ಜೋಸ್‌ಮೋನ್ ಇದ್ದಾನೆ. ಕಾಮಿಕ್ಸ್ ಓದಿ ಮಾವನಿಗೇ ಪಾಠ ಹೇಳುತ್ತಾನೆ. ಅವನು ಯಾಕೆ ನಂಬುವಂತಿದ್ದಾನೆ ಎಂದರೆ ಅವನು ಮನೆಯ ಮಗು, ದುಡಿಯಲು ಬಂದವನಲ್ಲ. ಸಂಜೆಗೆ ಅಮ್ಮ ಊಟಕ್ಕೆ ಕರೆಯುತ್ತಾಳೆ ಎಂಬ ಭರವಸೆ ನೋಡುವವನಿಗಿದೆ. ಅದೇ ಸಿಡಿಲು ಬಡಿದು ಅದೇ ಶಕ್ತಿ ಪಡೆದ ಶಿಬು ಚಹಾದಂಗಡಿಯಲ್ಲಿ ದುಡಿಯುವವನು, ಊರು ಹುಚ್ಚನೆಂದು ಆಡಿಕೊಂಡವನು. ಅವನ ಜೊತೆಗೆ ನಿಲ್ಲುವ ಹುಡುಗನನ್ನು ಚಿತ್ರಕತೆ ಕೊಡಲಿಲ್ಲ. ಅವನು ಖಳನಾದ. ಚಿತ್ರ ನನಗೆ ಬಹಳ ಇಷ್ಟವಾಯಿತು, ಆದ್ದರಿಂದಲೇ ಈ ತಕರಾರು.

ಈ ಎಲ್ಲ ಚಿತ್ರಗಳಲ್ಲಿ ಒಂದು ದೃಶ್ಯ ತಪ್ಪದು. ಬೀಳುತ್ತಿರುವವರ ಕೈಯನ್ನು ಕೊನೆಯ ಗಳಿಗೆಯಲ್ಲಿ ಶೂರ ಹಿಡಿಯುತ್ತಾನೆ. ಸಭಿಕರು ಶಿಳ್ಳೆ ಹೊಡೆಯುತ್ತಾರೆ. ನನಗೆ ಆಗೆಲ್ಲ 'ಚೋಮನ ದುಡಿ' ನೆನಪಾಗುತ್ತದೆ. ಚೋಮನ ಮಗ ನೀಲ ನೀರಿನಲ್ಲಿ ಮುಳುಗುವಾಗ ದಡದಲ್ಲಿ ಜನ ಇದ್ದರು, ಕೈಗಳೂ ಇದ್ದವು. ಮುಟ್ಟಬೇಕಲ್ಲ! ಹಾರಬಲ್ಲವನ ಅಗತ್ಯ ಅಲ್ಲಿರಲಿಲ್ಲ.

ಇನ್ನು ಕಾನೂನಿನ ಮಾತು. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಂದ ತಿದ್ದುಪಡಿಯಂತೆ, ಓದಿಗೆ ತೊಂದರೆಯಾಗದಿದ್ದರೆ 14ರೊಳಗಿನ ಮಗು ಸಿನಿಮಾ, ಧಾರಾವಾಹಿ, ಜಾಹೀರಾತಿನಲ್ಲಿ ಕಲಾವಿದನಾಗಬಹುದು. ಸರ್ಕಸ್ಸಿನಲ್ಲಿ ಕೂಡದು. ಸರಿಯೇ. ಗಳದ ಮೇಲೆ ಮತ್ತೆ ಯಾವ ಕೂಸನ್ನೂ ಹತ್ತಿಸುವುದು ಬೇಡ, ಅದನ್ನು ಜಾನಪದ ಕಲೆ ಎಂದು ಹೊಗಳುವವರ ಮಾತನ್ನು ನಾನು ಒಪ್ಪಲಾರೆ. ಆದರೆ ಲೆಕ್ಕ ಎಲ್ಲಿಗೆ ಬಂತು ನೋಡಿ. ನಾಳೆ ಕನ್ನಡದಲ್ಲಿ ರಾಬಿನ್‌ನಂಥವನ ಸಿನಿಮಾ ಆದರೆ, ಬೆಂಗಳೂರಿನ ಒಳ್ಳೆ ಮನೆತನದ ಮಗು ಡೊಂಬರ ಹುಡುಗನಾಗಿ ಹಗ್ಗದ ಮೇಲೆ ನಡೆಯಬಹುದು, ಹಿಂದೆ ಕಂಪ್ಯೂಟರ್ ಹಗ್ಗ ಹಿಡಿದಿರುತ್ತದೆ. ಪರಿಶಿಷ್ಟ ಜಾತಿಯ ಪಟ್ಟಿಯಲ್ಲಿರುವ ಡೊಂಬರ ಮಗು ಗಳದಿಂದ ಇಳಿದಿದೆ, ಪರದೆಯ ಮೇಲೆ ಹತ್ತಿಲ್ಲ. ಅದರ ಪಾತ್ರ ಇದೆ, ಅದು ಇಲ್ಲ. ಆ ಮಗುವನ್ನು ಹುಡುಕಿಕೊಂಡು ಹೋಗಿ, ಶಾಲೆ ತಪ್ಪಿಸದೆ, ಕೂಲಿ ಸರಿಯಾಗಿ ಕೊಟ್ಟು, ನೀನೇ ನಿನ್ನ ಪಾತ್ರ ಮಾಡು ಅನ್ನುವ ನಿರ್ದೇಶಕ ಬಂದರೆ ನಾನು ಟಿಕೆಟ್ ಕೊಂಡು ಮೊದಲ ಸಾಲಿನಲ್ಲಿ ಕೂರುತ್ತೇನೆ.

ಆ ಬಿಸಿಲಲ್ಲಿ ಆಟ ಮುಗಿಸಿ ಆ ಹುಡುಗ ನಮ್ಮ ಕೇರಿಗೂ ಬಂದಿದ್ದ. ಅವ್ವ ಚೊಂಬಿನಿಂದ ಅವನ ಬೊಗಸೆಗೆ ನೀರು ಹೊಯ್ದಳು, ಎತ್ತರದಿಂದಲೇ. ನಾನು ಪಕ್ಕದಲ್ಲಿ ನಿಂತು ನೋಡುತ್ತಿದ್ದೆ. ಅವನ ಹೆಸರು ಕೇಳಲಿಲ್ಲ.