ರಸ್ತೆ ಪರದೆಯ ಹಿಂದೆ

ಹೋದ ವರ್ಷದ ಮಳೆಗಾಲ. ವಿಜಯಪುರದ ಸ್ಟೇಷನ್ ರಸ್ತೆಯ ಒಂದು ಜೆರಾಕ್ಸ್ ಅಂಗಡಿಯ ಮುಂದೆ ಅಜ್ಜ ಮತ್ತು ನಾನು ಒಂದೇ ಕೊಡೆಯ ಕೆಳಗೆ ನಿಂತಿದ್ದೆವು. ಅಜ್ಜ ಎಂದರೆ ನಮ್ಮವ್ವನ ಸೋದರಮಾವ. ಪ್ರಾಯದಲ್ಲಿ ಇಪ್ಪತ್ತು ವರ್ಷಕ್ಕೂ ಮಿಗಿಲಾಗಿ ನಾಟಕ ಕಂಪನಿಗಳಲ್ಲಿ ಪರದೆ ಎಳೆದವರು. ಕಷ್ಟದಲ್ಲಿರುವ ಕಲಾವಿದರಿಗೆ ಸರ್ಕಾರ ಕೊಡುವ ಮಾಸಾಶನಕ್ಕೆ ಅರ್ಜಿ ಹಾಕೋಣವೆಂದು ನಾನೇ ಅವರನ್ನು ಹೊರಡಿಸಿದ್ದೆ. ಕಚೇರಿಯಲ್ಲಿ ಕೂತವರು ಅರ್ಜಿಯನ್ನು ತಿರುವಿ ಹಾಕಿ, "ಯಾವ ಪಾತ್ರ ಮಾಡ್ತಿದ್ರಿ? ಫೋಟೋ, ಹ್ಯಾಂಡ್‌ಬಿಲ್ ಏನರ ಅದಾವೇನು?" ಎಂದು ಕೇಳಿದರು. ಅಜ್ಜ ಎದ್ದು ನಿಂತು, "ಪಾತ್ರ ಇಲ್ರಿ, ನಾ ಪರದೆ ಎಳೀತಿದ್ದೆ" ಎಂದರು. ಅರ್ಜಿ ಮೇಜಿನ ಮೇಲೆ ಹಾಗೇ ಸರಿದು ನಮ್ಮ ಕಡೆ ಬಂತು.

ಅವರನ್ನು ಬಯ್ಯುವ ಹಕ್ಕು ನನಗಿರಲಿಲ್ಲ. ಆ ಹೊತ್ತಿಗೆ ನನ್ನ ಪಿಎಚ್‌ಡಿ ಪ್ರಬಂಧದ ಎರಡನೇ ಅಧ್ಯಾಯ ಮುಗಿದಿತ್ತು. ಉತ್ತರ ಕರ್ನಾಟಕದ ವೃತ್ತಿ ರಂಗಭೂಮಿಯ ಬಗ್ಗೆ ಅರವತ್ತು ಪುಟ. ಅದರಲ್ಲಿ ನಾಟಕಕಾರರಿದ್ದರು, ನಟರಿದ್ದರು, ಸಂಗೀತವಿತ್ತು, ಪ್ರೇಕ್ಷಕರೂ ಇದ್ದರು. ಪರದೆ ಎಳೆಯುವವನು ಒಂದು ಸಾಲಿನಲ್ಲೂ ಇರಲಿಲ್ಲ. ಕಚೇರಿ ಕೇಳಿದ ಪ್ರಶ್ನೆಯನ್ನೇ ನಾನೂ ಕೇಳಿದ್ದೆ: ಯಾವ ಪಾತ್ರ?

ಮನೆಗೆ ಬಂದಮೇಲೆ ಸಿನಿಮಾ ನೋಡುವ ನೆಪ ಮಾಡಿಕೊಂಡು ಅಜ್ಜನ ಪಕ್ಕ ಕೂರಲು ಶುರುಮಾಡಿದೆ. ಆಟ ಆಡಿಸಿ, ಚಿತ್ರ ತೋರಿಸಿ ಹೊಟ್ಟೆ ಹೊರೆಯುವವರ ಕುರಿತ ಚಿತ್ರಗಳನ್ನು ಹುಡುಕಿ ತೆಗೆದೆ. ಹೆಚ್ಚಿನವು ಹಾಸ್ಯ ಚಿತ್ರಗಳು ಇಲ್ಲವೇ ಸಾಕ್ಷ್ಯಚಿತ್ರಗಳು. ನಮ್ಮ ಕಡೆ ಅಷ್ಟಾಗಿ ಯಾರೂ ನೋಡದವು. ಈ ಬರಹ ಆ ಲ್ಯಾಪ್‌ಟಾಪಿನ ಮುಂದೆ ಹುಟ್ಟಿದ್ದು.

ಚಿತ್ರಗಳಿಗೆ ಬರುವ ಮುನ್ನ ಅಜ್ಜ ಹೇಳಿದ ಒಂದು ಸಂಗತಿಯನ್ನು ಇಲ್ಲಿ ಇಡಬೇಕು. ಕಂಪನಿ ನಾಟಕದಲ್ಲಿ ಅರಮನೆ, ಕಾಡು, ದರ್ಬಾರು ಹೀಗೆ ಬಣ್ಣ ಬರೆದ ಪರದೆಗಳಿರುತ್ತವೆ. ಇವುಗಳ ಮುಂದೆ, ಪ್ರೇಕ್ಷಕರಿಗೆ ತೀರ ಹತ್ತಿರ, ರಸ್ತೆ ಪರದೆ ಇಳಿಯುತ್ತದೆ. ಅದರ ಮುಂದಿನ ಕಿರಿದಾದ ಜಾಗದಲ್ಲಿ ಹಾಸ್ಯದ ದೃಶ್ಯ ನಡೆಯುತ್ತದೆ. ಜನ ನಗುತ್ತಿರುವಾಗ ಹಿಂದೆ ಸಿಂಹಾಸನ ಬಂದು ಕೂರಬೇಕು, ಕಂಬ ನಿಲ್ಲಬೇಕು, ದೀಪ ಬದಲಾಗಬೇಕು. ಪಾರ್ಸಿ ಕಂಪನಿಗಳ ಕಾಲದಿಂದ ಬಂದ ಈ ಕ್ರಮವನ್ನು ನಾನು ಪುಸ್ತಕದಲ್ಲಿ ಓದಿದ್ದೆ. ಅಜ್ಜ ಅದನ್ನು ಕೈಯಿಂದ ಬಲ್ಲರು. "ನಗಿ ಎಷ್ಟುದ್ದ ಇರಬೇಕು ಅನ್ನೂದು ನಮ್ಮ ಕೈಯಾಗ ಇತ್ತವಾ. ಸಿಂಹಾಸನ ಸರಿಯಾಗಿ ಕೂಡಲಿಲ್ಲ ಅಂದ್ರ ಒಳಗಿಂದ ಕೆಮ್ಮತಿದ್ದೆ. ಹೊರಗ ಹಾಸ್ಯದವ ಇನ್ನೊಂದು ಮಾತು ಎಳೀತಿದ್ದ."

ನನ್ನ ಅಧ್ಯಾಯದಲ್ಲಿ ಕಂಪನಿ ನಾಟಕದ ಹಾಸ್ಯವನ್ನು 'ಮುಖ್ಯ ಕಥೆಗೆ ಸಂಬಂಧವಿಲ್ಲದೆ ಲಂಬಿಸುವ ಭಾಗ' ಎಂದು ಬರೆದಿದ್ದೆ. ಲಂಬಿಸಲು ಕಾರಣ ಒಂದು ಕೆಮ್ಮು ಎಂದು ಗೊತ್ತಿರಲಿಲ್ಲ. ಅಂದಿನಿಂದ ಈ ಬಗೆಯ ಯಾವ ಚಿತ್ರ ನೋಡಿದರೂ ಒಂದೇ ಅಳತೆ ಇಟ್ಟುಕೊಂಡಿದ್ದೇನೆ: ಇದು ರಸ್ತೆ ಪರದೆಯ ಮುಂದೆ ನಿಂತು ನಗಿಸುತ್ತಿದೆಯೋ, ಇಲ್ಲ ಪರದೆ ಎತ್ತಿ ಹಿಂದಿನ ಕೆಲಸ ತೋರಿಸುತ್ತಿದೆಯೋ?

ಮೊದಲು ನೋಡಿದ್ದು ಪರೇಶ್ ಮೊಕಾಶಿಯವರ ಮರಾಠಿ ಚಿತ್ರ 'ಹರಿಶ್ಚಂದ್ರಾಚಿ ಫ್ಯಾಕ್ಟರಿ' (2009). ದಾದಾಸಾಹೇಬ ಫಾಲ್ಕೆ 1913ರಲ್ಲಿ 'ರಾಜಾ ಹರಿಶ್ಚಂದ್ರ' ತೆಗೆದ ಕಥೆ. ಭಾರತೀಯ ಸಿನಿಮಾದ ಪಿತಾಮಹನ ಬಗ್ಗೆ ಚಿತ್ರ ಎಂದರೆ ಹಾರ, ಧೂಪ ಸಿದ್ಧವಾಗುತ್ತವೆ. ಮೊಕಾಶಿ ಅವೆರಡನ್ನೂ ಬದಿಗಿಟ್ಟು ನಗುತ್ತ ಹೇಳುತ್ತಾರೆ. ನಂದು ಮಾಧವ್ ಮಾಡಿದ ಫಾಲ್ಕೆ ಮನೆಯ ಸಾಮಾನು ಮಾರುವಾಗಲೂ ಮುಖ ಸಣ್ಣದು ಮಾಡುವುದಿಲ್ಲ. ಹೆಣ್ಣು ಪಾತ್ರಕ್ಕೆ ಹೆಂಗಸರು ಸಿಗುವುದಿಲ್ಲ. ಅಡುಗೆ ಕೆಲಸದ ಸಾಳುಂಕೆ ತಾರಾಮತಿಯಾಗುತ್ತಾನೆ. ಮೀಸೆ ಬೋಳಿಸಲು ಒಲ್ಲೆ ಎನ್ನುವ ಗಂಡಸರ ಪ್ರಸಂಗಕ್ಕೆ ಅಜ್ಜ ಕಣ್ಣೀರು ಬರುವಷ್ಟು ನಕ್ಕರು.

ಆದರೆ ಚಿತ್ರದ ಜೀವ ಅದರ ಹೆಸರಿನಲ್ಲಿದೆ. ನಾಟಕ, ಸಿನಿಮಾ ಎಂದರೆ ಮರ್ಯಾದೆ ಹೋಗುವ ಕಾಲ. ಹಾಗಾಗಿ ಫಾಲ್ಕೆ ತನ್ನ ಜನಕ್ಕೆ ಹೇಳಿಕೊಡುತ್ತಾನೆ: ಯಾರಾದರೂ ಕೇಳಿದರೆ ಹರಿಶ್ಚಂದ್ರನ ಫ್ಯಾಕ್ಟರಿಯಲ್ಲಿ ಕೆಲಸ ಅನ್ನಿ. ಮಾನ ಉಳಿಸಿಕೊಳ್ಳಲು ಹೇಳಿದ ಸುಳ್ಳು, ಆದರೂ ಪೂರಾ ನಿಜ. ಅಲ್ಲಿ ನಡೆಯುವುದು ಕಾರ್ಖಾನೆಯ ಕೆಲಸವೇ. ಹೆಂಡತಿ ಸರಸ್ವತಿ ಕತ್ತಲಲ್ಲಿ ಕೂತು ಫಿಲ್ಮಿನ ಅಂಚಿಗೆ ತೂತು ಹಾಕುತ್ತಾಳೆ, ಕೆಲಸದವರಿಗೆಲ್ಲ ಅಡುಗೆಯನ್ನೂ ನೋಡಿಕೊಳ್ಳುತ್ತಾಳೆ. ಗಂಭೀರ ಜೀವನಚಿತ್ರವಾಗಿದ್ದರೆ ಅವಳನ್ನು ತ್ಯಾಗಮೂರ್ತಿ ಮಾಡಿ ಒಂದು ಹಿನ್ನೆಲೆ ಸಂಗೀತ ಹಾಕಿ ಮುಗಿಸುತ್ತಿದ್ದರು. ಹಾಸ್ಯಕ್ಕೆ ಕಾಮಗಾರಿಯೇ ಬೇಕು, ಏಕೆಂದರೆ ನಗು ಹುಟ್ಟುವುದು ಕೆಲಸ ಕೆಟ್ಟಾಗ. ಅದಕ್ಕಾಗಿ ಕೆಲಸ ಹೇಗೆ ನಡೆಯುತ್ತದೆ ಎಂದು ಮೊದಲು ತೋರಿಸಲೇಬೇಕಾಗುತ್ತದೆ.

ಎರಡನೆಯದು ಫೈಜಾ ಅಹ್ಮದ್ ಖಾನ್ ಅವರ ಸಾಕ್ಷ್ಯಚಿತ್ರ 'ಸೂಪರ್‌ಮೆನ್ ಆಫ್ ಮಾಲೆಗಾಂವ್' (2008). ನಮಗೆ ರಬಕವಿ-ಬನಹಟ್ಟಿ ಇದ್ದಂತೆ ಮಹಾರಾಷ್ಟ್ರಕ್ಕೆ ಮಾಲೆಗಾಂವ್. ವಿದ್ಯುತ್ ಮಗ್ಗಗಳ ಊರು. ಶುಕ್ರವಾರ ಮಗ್ಗಕ್ಕೆ ರಜೆ, ಜನಕ್ಕೆ ಸಿನಿಮಾ. ವಿಡಿಯೊ ಪಾರ್ಲರ್ ನಡೆಸುತ್ತಿದ್ದ ನಾಸಿರ್ ಶೇಖ್ ಹಿಂದೆ 'ಶೋಲೆ'ಯ ಮಾಲೆಗಾಂವ್ ಅವತಾರ ತೆಗೆದವರು, ಈಗ ಸೂಪರ್‌ಮ್ಯಾನ್‌ಗೆ ಕೈಹಾಕುತ್ತಾರೆ. ಸೂಪರ್‌ಮ್ಯಾನ್ ಆಗುವ ಶಫೀಕ್ ಮಗ್ಗದ ಕೆಲಸಗಾರ, ಗಾಳಿ ಬೀಸಿದರೆ ಹಾರಿಹೋಗುವಷ್ಟು ತೆಳ್ಳಗಿನ ಆಳು. ಹಾರಿಸಲು ಹಸಿರು ಬಟ್ಟೆ. ಒಂದೇ ಕ್ಯಾಮೆರಾ, ಅದೂ ನೀರಿಗೆ ಬೀಳುತ್ತದೆ. ಚಿತ್ರೀಕರಣದ ನಡುವೆ ನಾಯಕನ ಮದುವೆ ಬರುತ್ತದೆ. ಲೋಕ ಕಾಯುವುದು ಅಲ್ಲಿಗೆ ಕೆಲ ದಿನ ನಿಲ್ಲುತ್ತದೆ.

ಇಲ್ಲೊಂದು ಅಪಾಯವಿತ್ತು. ಬಡವರು ಸಿನಿಮಾ ಮಾಡುವುದನ್ನು ಪೇಟೆಯವರು ನೋಡಿ 'ಅಯ್ಯೋ, ಎಷ್ಟು ಮುದ್ದು' ಎಂದು ನಕ್ಕುಬಿಡಬಹುದಿತ್ತು. ಹಾಗಾಗದಂತೆ ಫೈಜಾ ಕಾಯ್ದಿರುವ ರೀತಿ ಗಮನಿಸಬೇಕು. ಕ್ಯಾಮೆರಾ ನೀರಿಗೆ ಬಿದ್ದ ಮೇಲೆ ಅವರು ದೃಶ್ಯವನ್ನು ನಗುವಿನ ಮೇಲೆ ಕತ್ತರಿಸುವುದಿಲ್ಲ. ಮುಂದೇನು ಎಂಬ ಲೆಕ್ಕಾಚಾರದ ಜತೆಗೇ ಇರುತ್ತಾರೆ. ಬರಹಗಾರ ಫರೋಗ್ ಮುಂಬೈಯ ಆಸೆ ಹೇಳಿಕೊಳ್ಳುವಾಗ ನಮ್ಮ ನಗು ತಾನಾಗಿ ಒಳಗೆ ಸರಿಯುತ್ತದೆ. ಚಿತ್ರ ಭಾರತದ ಚಿತ್ರಮಂದಿರಗಳಿಗೆ ಬಂದದ್ದು 2012ರಲ್ಲಿ. ಅಷ್ಟರಲ್ಲಿ ಶಫೀಕ್ ಕ್ಯಾನ್ಸರಿಗೆ ತುತ್ತಾಗಿ ತೀರಿಕೊಂಡಿದ್ದರು. ಇದನ್ನು ನಾನು ಹೇಳಿದಾಗ ಅಜ್ಜ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಂವಂದು ಫೋಟೋ ಉಳೀತು ಬಿಡು" ಎಂದರು. ಕಚೇರಿಯಿಂದ ಬಂದು ಆಗ ವಾರವೂ ಆಗಿರಲಿಲ್ಲ.

ಶರ್ಲಿ ಅಬ್ರಹಾಂ ಮತ್ತು ಅಮಿತ್ ಮಧೇಶಿಯಾ ಅವರ 'ದಿ ಸಿನೆಮಾ ಟ್ರಾವೆಲರ್ಸ್' (2016) ಕಾನ್ ಉತ್ಸವದಲ್ಲಿ ಗೌರವ ಪಡೆದ ಸಾಕ್ಷ್ಯಚಿತ್ರ. ಜಾತ್ರೆಯಿಂದ ಜಾತ್ರೆಗೆ ಲಾರಿಯಲ್ಲಿ ಹೋಗುವ ಮಹಾರಾಷ್ಟ್ರದ ಡೇರೆ ಸಿನಿಮಾಗಳ ಕೊನೆಯ ವರ್ಷಗಳು ಇಲ್ಲಿವೆ. ರೀಲು ಹೋಗಿ ಡಿಜಿಟಲ್ ಬರುವ ಹೊತ್ತು. ಮಾಲಕ ಮೊಹಮ್ಮದ್, ಹಳೆಯ ಲಾರಿಯ ಬಾಪು, ಪ್ರೊಜೆಕ್ಟರ್ ರಿಪೇರಿಯ ಪ್ರಕಾಶ್ ಎಂಬ ಮೂವರನ್ನು ಚಿತ್ರ ವರ್ಷಗಟ್ಟಲೆ ಹಿಂಬಾಲಿಸಿದೆ. ಪ್ರಕಾಶ್ ತಾನೇ ಕಂಡುಹಿಡಿದ, ಎಣ್ಣೆಯಲ್ಲಿ ಮುಳುಗಿ ತಿರುಗುವ ಯಂತ್ರಭಾಗಗಳ ಪ್ರೊಜೆಕ್ಟರನ್ನು ತೋರಿಸುವಾಗ ಮಗುವನ್ನು ತೋರಿಸುವ ತಂದೆಯ ಮುಖ ಅವರದು. ಆ ಯಂತ್ರ ಇನ್ನು ಯಾರಿಗೂ ಬೇಡ ಎಂಬುದು ಅವರಿಗೂ ಗೊತ್ತು, ನಮಗೂ ಗೊತ್ತು.

ಮೂರರಲ್ಲಿ ಇದು ಅತ್ಯಂತ ಸುಂದರ ಚಿತ್ರ. ನನ್ನ ತಕರಾರು ಇರುವುದೂ ಅಲ್ಲೇ. ಧೂಳಿನಲ್ಲಿ ತೂರಿ ಬರುವ ಬೆಳಕಿನ ಕೋಲು, ಡೇರೆಯ ತೂತಿನಲ್ಲಿ ಇಣುಕುವ ಮಕ್ಕಳ ಕಣ್ಣು, ತುಕ್ಕು ಹಿಡಿದ ಚಕ್ರ ಎಲ್ಲವೂ ಒಂದು ವಿದಾಯದ ಸಾಲಿನಲ್ಲಿ ಬಂದು ನಿಲ್ಲುತ್ತವೆ. ಅಜ್ಜ ಮಾತ್ರ ಡೇರೆಯ ಹಗ್ಗ ಜಗ್ಗುವ ಹುಡುಗರನ್ನೇ ನೋಡುತ್ತಿದ್ದರು. "ಇವ್ರಿಗೆ ದಿನದ ಪಗಾರ ಎಷ್ಟವಾ?" ಎಂದು ಕೇಳಿದರು. ಚಿತ್ರದ ಒಲವು ಆ ಪ್ರಶ್ನೆಯ ಕಡೆಗಿಲ್ಲ. ಹೋಗುತ್ತಿರುವ ಕಲೆಯ ದುಃಖ ದೊಡ್ಡದಾದಾಗ ಕೂಲಿಯ ಲೆಕ್ಕ ಸಣ್ಣ ಮಾತಾಗಿಬಿಡುತ್ತದೆ. ಮಾಲೆಗಾಂವ್‌ನ ನಗುವಿನಲ್ಲಿ ಈ ಲೆಕ್ಕ ಕಳೆದುಹೋಗಿರಲಿಲ್ಲ.

ಇನ್ನು ನಮ್ಮ ಕನ್ನಡಕ್ಕೆ ಬರೋಣ. ಆಟದ ಬದುಕು ಎಂದೊಡನೆ ಎಲ್ಲರೂ ಹೆಸರಿಸುವುದು ಪುಟ್ಟಣ್ಣ ಕಣಗಾಲರ 'ರಂಗನಾಯಕಿ' (1981). ಅಶ್ವತ್ಥರ ಕಾದಂಬರಿ ಆಧರಿಸಿದ ಈ ಚಿತ್ರ ಕಂಪನಿಯ ನಟಿಯಿಂದ ಶುರುವಾಗಿ ಮದುವೆ, ತಾಯ್ತನ, ಶೀಲದ ಪ್ರಶ್ನೆಗಳಿಗೆ ಹೊರಳುತ್ತದೆ. ಆರತಿಯವರ ಅಭಿನಯದ ಬಗ್ಗೆ ಎರಡು ಮಾತಿಲ್ಲ. ಆದರೆ ಕಂಪನಿ ಇಲ್ಲಿ ಅವಳು ಬಿಟ್ಟುಬಂದ ತವರಾಗಿ ಉಳಿಯುತ್ತದೆ. ದುಡಿಯುವ ಜಾಗವಾಗಿ ಬೇಗ ಮರೆಯಾಗುತ್ತದೆ.

ಅದಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ಪವನ್ ಕುಮಾರ್ ಅವರ 'ಲೂಸಿಯಾ' (2013). ಜನರಿಂದ ಹಣ ಕೂಡಿಸಿ ಮಾಡಿದ ಚಿತ್ರ ಎಂಬ ಖ್ಯಾತಿಯಲ್ಲಿ, ಅದರ ನಾಯಕ ಒಬ್ಬ ಟಾರ್ಚ್ ಬಿಡುವವನು ಎಂಬುದು ಹಿಂದೆ ಬಿತ್ತು. ಹಳೆಯ ಚಿತ್ರಮಂದಿರದ ಕತ್ತಲಲ್ಲಿ ಸೀಟು ತೋರಿಸುವ ನಿಕ್ಕಿ, ಅವನ ಮಾಲಕ ಶಂಕ್ರಣ್ಣ, ನಿದ್ದೆಯ ಗುಳಿಗೆ, ಕನಸಿನಲ್ಲಿ ತಾರೆಯಾಗುವುದು. ಸತೀಶ್ ನೀನಾಸಂ ಮತ್ತು ಅಚ್ಯುತ್ ಕುಮಾರ್ ನಡುವಿನ ದೃಶ್ಯಗಳಲ್ಲಿರುವ ಸಲಿಗೆಯ ಹಾಸ್ಯ ಕನ್ನಡದಲ್ಲಿ ಅಪರೂಪ. ಆದರೆ ಕೊನೆಗೆ ಗೊತ್ತಾಗುವುದೇನು? ಕಪ್ಪುಬಿಳುಪಿನ ತಾರೆಯೇ ನಿಜ, ಬಣ್ಣದ ಟಾರ್ಚಿನವನು ಅವನ ಕನಸು. ಹತ್ತು ವರ್ಷದ ಹಿಂದೆ ಈ ತಿರುವಿಗೆ ನಾನೂ ಚಪ್ಪಾಳೆ ತಟ್ಟಿದ್ದೆ. ಈಗ ಅಜ್ಜನ ಪಕ್ಕ ಕೂತು ನೋಡುವಾಗ ಇರುಸುಮುರುಸಾಯಿತು. ಚಿತ್ರಮಂದಿರದ ಕೆಲಸಗಾರನೊಬ್ಬ ನಮ್ಮ ಸಿನಿಮಾದ ನಡುಮನೆಗೆ ಬಂದು ಕೂತ. ಏಳುವ ಹೊತ್ತಿಗೆ ಅವನು ಇರಲೇ ಇಲ್ಲ ಎಂದರು. ಸುಖದಿಂದ ಬೇಸತ್ತ ತಾರೆಗೆ ಬಡತನ ಒಂದು ಸವಿಗನಸು. ಆ ಕನಸಿನಲ್ಲಿ ಕೆಲಸವಿದೆ, ಕೆಲಸದ ದಣಿವು ಅಷ್ಟಾಗಿ ಇಲ್ಲ. ಚಿತ್ರದ ಜಾಣ್ಮೆಗೆ ನನ್ನ ಮೆಚ್ಚುಗೆ ಇದ್ದೇ ಇದೆ, ಆದರೆ ಅದು ರಸ್ತೆ ಪರದೆಯ ಮುಂದಿನ ಜಾಣ್ಮೆ.

ಸಾಕ್ಷ್ಯಚಿತ್ರಗಳಲ್ಲಿ ರಾಮಚಂದ್ರ ಪಿ.ಎನ್. ಮಾಡಿದ 'ಬಿ.ವಿ. ಕಾರಂತ್: ಬಾಬಾ' (2012) ಇದೆ. ಬಾಲಕನಾಗಿ ಗುಬ್ಬಿ ಕಂಪನಿ ಸೇರಿದ ಕಾರಂತರ ಬದುಕನ್ನು ಬಲ್ಲವರ ಮಾತುಗಳಲ್ಲಿ ಕಟ್ಟುವ, ಕುಂದುಗಳನ್ನೂ ಮುಚ್ಚಿಡದ ಚಿತ್ರ. ಪುಸ್ತಕಗಳಲ್ಲಂತೂ ನಾವು ಶ್ರೀಮಂತರು: ಗುಬ್ಬಿ ವೀರಣ್ಣನವರ 'ಕಲೆಯೇ ಕಾಯಕ', ಶತಾಯುಷಿ ಏಣಗಿ ಬಾಳಪ್ಪನವರ ಬದುಕನ್ನು ಗಣೇಶ ಅಮೀನಗಡ ನಿರೂಪಿಸಿದ 'ಬಣ್ಣದ ಬದುಕಿನ ಚಿನ್ನದ ದಿನಗಳು', ರಹಮತ್ ತರೀಕೆರೆಯವರು ಅಮೀರಬಾಯಿ ಕರ್ನಾಟಕಿ ಬಗ್ಗೆ ಬರೆದ ಪುಸ್ತಕ. ನಮ್ಮ ಊರಿನಲ್ಲಿ 'ರಕ್ತರಾತ್ರಿ' ಬರೆದ ಕಂದಗಲ್ಲ ಹನುಮಂತರಾಯರ ಹೆಸರಿನ ರಂಗಮಂದಿರವಿದೆ, ಅಮೀರಬಾಯಿಯ ಹೆಸರಿನ ಟಾಕೀಸಿದೆ. ಇರಲೇಬೇಕಾದ ಹೆಸರುಗಳು. ನಾಟಕಕಾರನಿಗೆ, ಗಾಯಕಿಗೆ, ಮಾಲಕನಿಗೆ ನೆನಪಿನ ಮನೆಗಳು ಸಿಕ್ಕವು. ಬಸವಣ್ಣ ಹುಟ್ಟಿದ ಜಿಲ್ಲೆಯಲ್ಲಿ ಕಲೆ ಕಾಯಕವಾಯಿತು. ಪರದೆ ಎಳೆಯುವ ಕಾಯಕ ಮಾತ್ರ ಇನ್ನೂ ಕಲೆಯ ಲೆಕ್ಕಕ್ಕೆ ಬಂದಿಲ್ಲ.

ವಿಮರ್ಶೆ ಮಾಡುವ ನಾವು ಇದನ್ನು ಬರೀ ಅಭಿರುಚಿಯ ಪ್ರಶ್ನೆ ಎಂದುಕೊಂಡಿದ್ದೇವೆ. ಯಾರು ಕಲಾವಿದ ಎಂದು ನಾವು ತರಗತಿಯಲ್ಲಿ, ಪ್ರಬಂಧದಲ್ಲಿ ಎಳೆದ ಗೆರೆ ಮುಂದೊಂದು ದಿನ ಕಚೇರಿಯ ಮೇಜಿನ ಮೇಲೆ ಅರ್ಜಿಯ ಅಂಕಣವಾಗಿ ಕೂರುತ್ತದೆ. ಅಲ್ಲಿ ಪುರಾವೆ ಕೇಳುತ್ತಾರೆ. ಶಫೀಕ್‌ಗೆ, ಪ್ರಕಾಶ್‌ಗೆ ಒಂದೊಂದು ಚಿತ್ರ ಪುರಾವೆಯಾಗಿ ನಿಂತಿದೆ. ಅಜ್ಜನ ಬಳಿ ಇರುವುದು ಅಂಗೈಯಲ್ಲಿ ಹಗ್ಗ ಉಜ್ಜಿದ ಗಟ್ಟಿ ಚರ್ಮ. ಅದರ ಜೆರಾಕ್ಸ್ ಬರುವುದಿಲ್ಲ.

ನಾನು ಅಧ್ಯಾಯವನ್ನು ತಿದ್ದುತ್ತಿದ್ದೇನೆ. ಹಾಸ್ಯದ ಭಾಗವನ್ನು ಪೂರ್ತಿ ತೆಗೆದು ರಸ್ತೆ ಪರದೆಯಿಂದ ಮತ್ತೆ ಶುರುಮಾಡಿದ್ದೇನೆ. ಮಾರ್ಗದರ್ಶಕರು 'ಇದು ಸಾಹಿತ್ಯವೇ?' ಎಂದು ಕೇಳಿದ್ದಾರೆ, ಮಾತುಕತೆ ನಡೆದಿದೆ. ಒಂದು ಸಂಜೆ ಮನೆಯಲ್ಲಿ ಎರಡು ಕುರ್ಚಿಗೆ ಸೀರೆ ಕಟ್ಟಿ, ಪರದೆ ಬೀಳುವ ಮುನ್ನ ಸಿಂಹಾಸನ ಹೇಗೆ ಸರಿಸುತ್ತಿದ್ದರು ಎಂದು ಅಜ್ಜ ತೋರಿಸಿದರು. ಅದನ್ನು ಮೊಬೈಲಿನಲ್ಲಿ ಹಿಡಿದಿಟ್ಟಿದ್ದೇನೆ. ನಡುವೆ ಎರಡು ಸಲ ಕೆಮ್ಮಿದರು. ಒಂದು ನಾಟಕದ ಕೆಮ್ಮು, ಇನ್ನೊಂದು ಎಂಬತ್ತು ದಾಟಿದವರ ಕೆಮ್ಮು.

ಪ್ರತಿ ವರ್ಷ ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ಕಂಪನಿಗಳು ಥೇಟರು ಕಟ್ಟುತ್ತವೆ. ಅಲ್ಲಿಯ ದ್ವಂದ್ವಾರ್ಥದ ಹಾಸ್ಯವನ್ನು ಬಯ್ದು ಬರೆಯುವುದು ನಮಗೆಲ್ಲ ರೂಢಿಯಾಗಿದೆ. ಬಯ್ಯಬೇಕಾದುದು ಅಲ್ಲಿ ಬೇಕಾದಷ್ಟಿದೆ. ಈ ಸಲ ಹೋಗುವ ಗೆಳೆಯರು ಮುಂದಿನ ಸಾಲಿನ ಕುರ್ಚಿಯಲ್ಲಿ ಒಂದು ಆಟ ನೋಡಿ. ಮರುದಿನ ಬೆಳಿಗ್ಗೆ ಥೇಟರಿನ ಹಿಂಬದಿಗೆ ಹೋಗಿ. ಅಡುಗೆ ಮಾಡುವವರು, ತಗಡು ಹೊಡೆಯುವವರು, ಪರದೆ ಸುತ್ತುವವರು ಅಲ್ಲೇ ಇರುತ್ತಾರೆ. ಕೇಳಿ ಒಪ್ಪಿಗೆ ಪಡೆದು ಒಂದು ಫೋಟೋ ತೆಗೆಯಿರಿ, ಹಿಂದೆ ಹೆಸರು ಮತ್ತು ತಾರೀಖು ಬರೆದು ಅದರ ಒಂದು ಪ್ರತಿಯನ್ನು ಅವರ ಕೈಗೆ ಕೊಡಿ.